ಕಪ್‌ನ ತಪ್ಪಿಗೆ ಲೀಗ್‌ನಲ್ಲಿ ದಂಡವೇ?

1969ರ ಡಿಸೆಂಬರ್ 3ರಂದು ಇಂಗ್ಲೆಂಡಿನ ಲೀಗ್ ಕಪ್ ಸೆಮಿಫೈನಲ್‌ನ ಮೊದಲ ಪಂದ್ಯ ಮ್ಯಾಂಚೆಸ್ಟರ್ ನಗರದ ಎರಡು ತಂಡಗಳ ನಡುವೆ ನಡೆಯಿತು. ಗೆದ್ದದ್ದು ಸಿಟಿ. ಆಟ ಮುಗಿದ ಮೇಲೆ ಯುನೈಟೆಡ್‌ನ ಜಾರ್ಜ್ ಬೆಸ್ಟ್, ರೆಫರಿ ಜ್ಯಾಕ್ ಟೇಲರ್ ಅವರ ಕೈಯಲ್ಲಿದ್ದ ಚೆಂಡನ್ನು ತಟ್ಟಿ ಬೀಳಿಸಿದರು. ಫುಟ್‌ಬಾಲ್ ಅಸೋಸಿಯೇಷನ್ ಅವರನ್ನು ನಾಲ್ಕು ವಾರಗಳ ಕಾಲ ಆಟದಿಂದ ಹೊರಗಿಟ್ಟಿತು. ತಪ್ಪು ನಡೆದದ್ದು ಕಪ್ ಪಂದ್ಯದಲ್ಲಾದರೂ ಆ ಅವಧಿಯಲ್ಲಿ ಬಂದ ಲೀಗ್ ಪಂದ್ಯಗಳೂ ಅವರ ಕೈತಪ್ಪಿದವು. 1970ರ ಫೆಬ್ರವರಿ 7ರಂದು ಮೈದಾನಕ್ಕೆ ಮರಳಿದ ಬೆಸ್ಟ್, ಎಫ್.ಎ. ಕಪ್‌ನಲ್ಲಿ ನಾರ್ಥಾಂಪ್ಟನ್ ತಂಡದ ವಿರುದ್ಧ ಆರು ಗೋಲು ಹೊಡೆದರು. ಆ ಆರು ಗೋಲುಗಳು ಕ್ರೀಡಾಪ್ರಿಯರ ನೆನಪಿನಲ್ಲಿ ಉಳಿದವು. ಅವುಗಳ ಹಿಂದಿದ್ದ ನ್ಯಾಯದ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಒಂದು ಸ್ಪರ್ಧೆಯಲ್ಲಿ ಮಾಡಿದ ತಪ್ಪಿಗೆ ಇನ್ನೊಂದು ಸ್ಪರ್ಧೆಯಲ್ಲಿ ದಂಡ ತೆರಬೇಕೆ?

ಈ ಪ್ರಶ್ನೆಯ ಬೇರು ಸಂಸ್ಥೆಗಳ ಹುಟ್ಟಿನಲ್ಲೇ ಇದೆ. ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾದದ್ದು 1863ರಲ್ಲಿ. ಅದು ನಡೆಸುವ ಎಫ್.ಎ. ಕಪ್ ಆರಂಭವಾದದ್ದು 1871ರಲ್ಲಿ. ಹನ್ನೆರಡು ಕ್ಲಬ್‌ಗಳು ಕೂಡಿ ಫುಟ್‌ಬಾಲ್ ಲೀಗ್ ಕಟ್ಟಿಕೊಂಡದ್ದು 1888ರಲ್ಲಿ. ಕಪ್ ಹಿರಿಯದು, ಲೀಗ್ ಕಿರಿಯದು. ನಮ್ಮ ದೇಶದಲ್ಲಿಯೂ ಕ್ರಮ ಇದೇ. ಡ್ಯುರಾಂಡ್ ಕಪ್ ಶಿಮ್ಲಾದಲ್ಲಿ 1888ರಲ್ಲಿಯೂ ರೋವರ್ಸ್ ಕಪ್ ಮುಂಬೈಯಲ್ಲಿ 1891ರಲ್ಲಿಯೂ ಆರಂಭವಾದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಬಂದು ರೋವರ್ಸ್ ಕಪ್ ಗೆದ್ದಾಗ ದೇಶಮಟ್ಟದ ಲೀಗ್ ಎಂಬುದೇ ಇರಲಿಲ್ಲ. ಅದು ಬಂದದ್ದು 1996ರಲ್ಲಿ. ಹೀಗೆ ಕಪ್ ಮತ್ತು ಲೀಗ್ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳಲ್ಲಿ ಬೆಳೆದ ಎರಡು ಮನೆಗಳು. ಆದರೆ ಇಂಗ್ಲೆಂಡಿನಲ್ಲಿ ಆಟಗಾರನ ನಡತೆಯನ್ನು ವಿಚಾರಿಸುವ ಅಧಿಕಾರ ಅಸೋಸಿಯೇಷನ್‌ನದೇ ಆಗಿತ್ತು. ಅದರ ದೃಷ್ಟಿಯಲ್ಲಿ ಆಟಗಾರ ಒಬ್ಬನೇ, ಆದ್ದರಿಂದ ಅವನ ತಪ್ಪಿನ ಲೆಕ್ಕವೂ ಒಂದೇ.

ಬೆಸ್ಟ್ ಅವರ ಕಾಲದಲ್ಲಿ ಕಾರ್ಡುಗಳಿರಲಿಲ್ಲ. ರೆಫರಿ ಆಟಗಾರನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅದನ್ನು ಎಲ್ಲರೂ ಗಮನಿಸುತ್ತಿದ್ದರೆಂದಲ್ಲ. 1966ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನ್ ರೆಫರಿ ರುಡಾಲ್ಫ್ ಕ್ರೈಟ್‌ಲೈನ್, ಅರ್ಜೆಂಟೀನಾದ ನಾಯಕ ರಟ್ಟೀನ್ ಅವರನ್ನು ಹೊರಗೆ ಕಳುಹಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದೆ ಆಟ ಹಲವು ನಿಮಿಷ ನಿಂತುಹೋಯಿತು. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಜ್ಯಾಕ್ ಚಾರ್ಲ್ಟನ್ ಅವರಿಗೂ ಎಚ್ಚರಿಕೆ ನೀಡಲಾಗಿತ್ತೆಂಬ ಸಂಗತಿ ಪತ್ರಿಕೆಗಳ ಮೂಲಕ ತಿಳಿಯಬೇಕಾಯಿತು. ರೆಫರಿಗಳ ಮೇಲ್ವಿಚಾರಕರಾಗಿದ್ದ ಕೆನ್ ಆಸ್ಟನ್, ಲಂಡನ್ನಿನ ರಸ್ತೆಯೊಂದರ ಸಂಚಾರ ದೀಪಗಳನ್ನು ಕಂಡು ಹಳದಿ ಮತ್ತು ಕೆಂಪು ಕಾರ್ಡುಗಳ ಉಪಾಯ ಹೊಳೆಯಿಸಿಕೊಂಡರು. 1970ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಅವು ಬಳಕೆಗೆ ಬಂದವು, ಇಂಗ್ಲೆಂಡಿನ ಲೀಗ್‌ಗೆ 1976ರಲ್ಲಿ. ಭಾಷೆಯ ತೊಡಕನ್ನು ಬಣ್ಣ ಪರಿಹರಿಸಿತು. ಅದರೊಂದಿಗೆ ಇನ್ನೊಂದು ಪರಿಣಾಮವೂ ಉಂಟಾಯಿತು. ಎಚ್ಚರಿಕೆ ಎಂಬುದು ಎಲ್ಲರೂ ಕಾಣುವಂಥ, ಎಣಿಸಬಹುದಾದ ವಸ್ತುವಾಯಿತು.

ಎಣಿಕೆ ಬಂದಲ್ಲಿ ಕೂಡಿಕೆಯೂ ಬರುತ್ತದೆ. ಇಂಗ್ಲೆಂಡಿನಲ್ಲಿ 2018ರವರೆಗೆ ಜಾರಿಯಲ್ಲಿದ್ದ ನಿಯಮದಂತೆ ಡಿಸೆಂಬರ್ 31ರೊಳಗೆ ಐದು ಹಳದಿ ಕಾರ್ಡ್ ಪಡೆದವನಿಗೆ ಒಂದು ಪಂದ್ಯದ ನಿಷೇಧ. ಆ ಐದರಲ್ಲಿ ದೇಶದೊಳಗಿನ ಕಪ್ ಪಂದ್ಯಗಳ ಕಾರ್ಡುಗಳೂ ಸೇರುತ್ತಿದ್ದವು. ಯೂರೋಪಿನ ಸ್ಪರ್ಧೆಗಳ ಲೆಕ್ಕ ಮಾತ್ರ ಪ್ರತ್ಯೇಕ. ಮೇಲ್ನೋಟಕ್ಕೆ ಇದು ಸಮಾನ ನ್ಯಾಯ. ಆದರೆ ಕಪ್‌ನ ಮೊದಲ ಸುತ್ತಿನಲ್ಲೇ ಸೋತ ತಂಡದ ಆಟಗಾರನಿಗೆ ಎಚ್ಚರಿಕೆ ಪಡೆಯುವ ಅವಕಾಶಗಳೇ ಕಡಿಮೆ. ಸುತ್ತಿನ ಮೇಲೆ ಸುತ್ತು ಗೆಲ್ಲುತ್ತ ಹೋದವನಿಗೆ ಅದೇ ಅವಧಿಯಲ್ಲಿ ಹೆಚ್ಚು ಪಂದ್ಯಗಳು, ಹೆಚ್ಚು ಸೆಣಸಾಟ, ಹೆಚ್ಚು ಅಪಾಯ. ಐದು ಎಂಬ ಮಿತಿ ಮಾತ್ರ ಇಬ್ಬರಿಗೂ ಒಂದೇ. ಗೆದ್ದುದೇ ಅಪರಾಧವಾದಂತೆ! ಕೆಳಗಿನ ವಿಭಾಗಗಳ ಸಣ್ಣ ಕ್ಲಬ್‌ಗಳಿಗೆ ಇದರ ಪೆಟ್ಟು ಇನ್ನೂ ಹೆಚ್ಚು. ಅವುಗಳಲ್ಲಿ ಬದಲಿ ಆಟಗಾರರು ಕಡಿಮೆ, ಲೀಗ್‌ನಲ್ಲಿ ಕೆಳಗಿಳಿದರೆ ವರಮಾನಕ್ಕೇ ಕುತ್ತು.

ಎಚ್ಚರಿಕೆ ಮತ್ತು ದಂಡನೆಗಳ ನಡುವಿನ ಅಂತರ ನಮ್ಮಂಥ ಸರ್ಕಾರಿ ನೌಕರರಿಗೆ ಹೊಸತಲ್ಲ. ಕೇಂದ್ರ ನಾಗರಿಕ ಸೇವೆಗಳ 1965ರ ನಿಯಮಗಳಲ್ಲಿ ಲಘು ದಂಡನೆಗಳ ಪಟ್ಟಿ ವಾಗ್ದಂಡನೆಯಿಂದ ಆರಂಭವಾಗುತ್ತದೆ. ಮೇಲಧಿಕಾರಿ ಕೊಡುವ ಎಚ್ಚರಿಕೆ ಆ ಪಟ್ಟಿಯಲ್ಲಿಲ್ಲ. ವಿಧಿಸಿದ ದಂಡನೆ ಸೇವಾ ಪುಸ್ತಕದೊಡನೆ ಊರಿಂದೂರಿಗೆ ಬರುವುದು ಸರಿ. ಆದರೆ ನಾಗಪುರದ ಕಚೇರಿಯಲ್ಲಿ ತಡವಾಗಿ ಬಂದುದಕ್ಕೆ ಕೇಳಿದ ಮಾತು ಚೆನ್ನೈ ಕಚೇರಿಯವರೆಗೂ ಬೆನ್ನಟ್ಟಿ ಬರಬೇಕೆಂದು ಯಾರೂ ಬಯಸಲಾರರು. ಹಳದಿ ಕಾರ್ಡ್ ಇಂಥ ಮಾತಿಗೆ ಸಮಾನ. ಕೆಂಪು ಕಾರ್ಡ್ ಸೇವಾ ಪುಸ್ತಕದ ನಮೂದು.

ಇದಕ್ಕೆ ಎದುರಾದ ವಾದವನ್ನೂ ನಾವು ಲಘುವಾಗಿ ಕಾಣಬಾರದು. ಲೀಗ್ ತಿಂಗಳುಗಟ್ಟಲೆ ನಡೆಯುತ್ತದೆ. ಕಪ್‌ನಲ್ಲಿ ಒಮ್ಮೆ ಸೋತರೆ ಆ ವರ್ಷದ ಮಟ್ಟಿಗೆ ಕಥೆ ಮುಗಿಯಿತು. ಕಪ್‌ನ ದಂಡವನ್ನು ಕಪ್‌ನಲ್ಲೇ ತೆರಬೇಕೆಂದರೆ ಅದನ್ನು ತೆರುವುದು ಯಾವಾಗ? ಈ ತೊಡಕು ಸ್ಪೇನಿನಲ್ಲಿ ದೊಡ್ಡ ತಂಡವೊಂದಕ್ಕೆ ಕೊರಳುರುಳಾಯಿತು. ಅಲ್ಲಿ ಕೋಪಾ ದೆಲ್ ರೇ ಸ್ಪರ್ಧೆಯ ಲೆಕ್ಕ ಪ್ರತ್ಯೇಕ. ಡೆನಿಸ್ ಚೆರಿಶೆವ್ ಎಂಬ ಆಟಗಾರ ವಿಯಾರಿಯಾಲ್ ತಂಡದಲ್ಲಿ ಎರವಲಾಗಿ ಆಡುತ್ತಿದ್ದಾಗ ಆ ಕಪ್‌ನಲ್ಲಿ ಮೂರು ಹಳದಿ ಕಾರ್ಡ್ ಪಡೆದು ಒಂದು ಪಂದ್ಯದ ನಿಷೇಧಕ್ಕೆ ಒಳಗಾಗಿದ್ದರು. ಮುಂದಿನ ಋತುವಿನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಮರಳಿದರು. 2015ರ ಡಿಸೆಂಬರ್ 2ರಂದು ಕಾದಿಸ್ ವಿರುದ್ಧದ ಕಪ್ ಪಂದ್ಯದಲ್ಲಿ ಕಣಕ್ಕಿಳಿದು ಮೊದಲ ಗೋಲನ್ನೂ ಹೊಡೆದರು. ತೀರದ ಆ ನಿಷೇಧ ಯಾರ ನೆನಪಿನಲ್ಲಿಯೂ ಇರಲಿಲ್ಲ. ತಮಗೆ ಸೂಚನೆ ತಲುಪಿರಲಿಲ್ಲವೆಂಬ ಕ್ಲಬ್ಬಿನ ವಾದ ನಿಲ್ಲಲಿಲ್ಲ. ಪಂದ್ಯ 3-1ರಿಂದ ಗೆದ್ದಿದ್ದ ರಿಯಲ್ ಮ್ಯಾಡ್ರಿಡ್ ಸ್ಪರ್ಧೆಯಿಂದಲೇ ಹೊರಬಿದ್ದಿತು. ಮೂರು ಹಳದಿ ಕಾರ್ಡುಗಳು ಕ್ಲಬ್ ಬದಲಾದರೂ ವರ್ಷ ಬದಲಾದರೂ ಸಾಯದೆ ಉಳಿದು, ಕೊನೆಗೆ ಅವುಗಳೊಡನೆ ಸಂಬಂಧವೇ ಇಲ್ಲದ ತಂಡಕ್ಕೆ ಮುಳುವಾದವು.

ಈ ಪ್ರಸಂಗವನ್ನು ಮುಂದಿಟ್ಟು, ದಂಡವನ್ನು ಮುಂದಿನ ಲೀಗ್ ಪಂದ್ಯದಲ್ಲೇ ತೀರಿಸಿಬಿಡುವುದು ಲೇಸು ಎನ್ನುವವರಿದ್ದಾರೆ. ನಮಗೆ ಅದರಿಂದ ಬೇರೆಯೇ ಪಾಠ ಕಾಣುತ್ತದೆ. ಅಲ್ಲಿ ಕೆಟ್ಟದ್ದು ಖಾತೆಗಳನ್ನು ಬೇರೆಯಾಗಿಟ್ಟದ್ದರಿಂದಲ್ಲ, ಚಿಕ್ಕ ಸಾಲವನ್ನು ವರ್ಷಾಂತ್ಯದಲ್ಲಿ ಮನ್ನಾ ಮಾಡದೆ ಉಳಿಸಿಕೊಂಡದ್ದರಿಂದ. ಎಚ್ಚರಿಕೆಗೆ ಎಲ್ಲೆ ಇರಬೇಕಾದಂತೆ ಆಯುಷ್ಯದ ಮಿತಿಯೂ ಇರಬೇಕು.

ವಿಶ್ವಕಪ್ ಈ ಮಾತನ್ನು ಕಲಿತದ್ದು ಕಣ್ಣೀರಿನ ಬೆಲೆ ತೆತ್ತು. 1990ರ ಸೆಮಿಫೈನಲ್‌ನಲ್ಲಿ ಎರಡನೆಯ ಹಳದಿ ಕಾರ್ಡ್ ಕಂಡೊಡನೆ, ತಂಡ ಗೆದ್ದರೂ ತನಗೆ ಫೈನಲ್ ಇಲ್ಲವೆಂದು ಅರಿತ ಇಂಗ್ಲೆಂಡಿನ ಪಾಲ್ ಗ್ಯಾಸ್ಕಾಯ್ನ್ ಮೈದಾನದಲ್ಲೇ ಅತ್ತರು. 2002ರಲ್ಲಿ ಜರ್ಮನಿಯ ಮೈಕೇಲ್ ಬಲ್ಲಾಕ್ ಸೆಮಿಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದೂ ಅಂಥದೇ ಕಾರ್ಡಿನಿಂದಾಗಿ ಫೈನಲ್‌ನಿಂದ ದೂರ ಉಳಿದರು. 2010ರ ವಿಶ್ವಕಪ್‌ನಿಂದ ಕ್ವಾರ್ಟರ್‌ಫೈನಲ್ ಮುಗಿದ ಮೇಲೆ ಒಂಟಿ ಹಳದಿ ಕಾರ್ಡನ್ನು ಅಳಿಸಿಹಾಕುವ ಕ್ರಮ ಬಂದಿತು. ಇದರಿಂದ ಆಟದ ಶಿಸ್ತು ಕುಸಿಯಲಿಲ್ಲ.

ಇಂಗ್ಲೆಂಡ್ 2018-19ರ ಋತುವಿನಲ್ಲಿ ದಾರಿ ಬದಲಿಸಿತು. ಹಳದಿ ಕಾರ್ಡುಗಳ ಲೆಕ್ಕ ಆಯಾ ಸ್ಪರ್ಧೆಗೆ ಸೀಮಿತವಾಯಿತು. ಪ್ರೀಮಿಯರ್ ಲೀಗ್‌ನಲ್ಲಿ ತಂಡದ ಮೊದಲ 19 ಪಂದ್ಯಗಳೊಳಗೆ ಐದು ಕಾರ್ಡ್ ಪಡೆದರೆ ಒಂದು ಲೀಗ್ ಪಂದ್ಯದ ನಿಷೇಧ. ಕ್ಯಾಲೆಂಡರಿನ ದಿನಾಂಕ ಹೋಗಿ ಆಡಿದ ಪಂದ್ಯಗಳ ಸಂಖ್ಯೆ ಬಂದುದರಿಂದ ಎಲ್ಲರಿಗೂ ಅಳತೆಗೋಲು ಸಮವಾಯಿತು. ಆದರೆ ಕೆಂಪು ಕಾರ್ಡ್ ಮಾತ್ರ ಹಿಂದಿನಂತೆಯೇ ಗಡಿ ದಾಟುತ್ತದೆ. 2023ರ ಮಾರ್ಚ್‌ನಲ್ಲಿ ಸೌತಾಂಪ್ಟನ್ ವಿರುದ್ಧದ ಲೀಗ್ ಪಂದ್ಯದಲ್ಲಿ ಕೆಂಪು ಕಾರ್ಡ್ ಕಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ ಕಸೆಮಿರೊ, ಫುಲ್‌ಹ್ಯಾಮ್ ವಿರುದ್ಧದ ಎಫ್.ಎ. ಕಪ್ ಕ್ವಾರ್ಟರ್‌ಫೈನಲ್ ಆಡಲಾಗಲಿಲ್ಲ.

ಈ ಭೇದ ಉಚಿತವೆಂದೇ ನಮ್ಮ ಅಭಿಪ್ರಾಯ. ಎದುರಾಳಿಯ ಕಾಲು ಮುರಿಯುವಂತೆ ಎರಗಿದವನು ತನ್ನ ತಂಡ ಕಪ್‌ನಿಂದ ಹೊರಬಿದ್ದಿತೆಂಬ ಕಾರಣಕ್ಕೆ ಮರುವಾರದ ಲೀಗ್ ಪಂದ್ಯದಲ್ಲಿ ನಿರಾತಂಕವಾಗಿ ಆಡುವುದು ಗಾಯಗೊಂಡವನಿಗೆ ಮಾಡುವ ಅನ್ಯಾಯ. ಅಂಥ ತಪ್ಪು ಮನುಷ್ಯನಿಗೆ ಅಂಟಿದ್ದು. ಅವನು ಹೋದಲ್ಲೆಲ್ಲ ಅದೂ ಹೋಗಬೇಕು. ಅಂಗಿ ಎಳೆದದ್ದು, ಚೆಂಡನ್ನು ದೂರ ಒದ್ದು ಸಮಯ ಕಳೆದದ್ದು, ತಡವಾಗಿ ಕಾಲು ಚಾಚಿದ್ದು ಆ ಹೊತ್ತಿನ ಆಟಕ್ಕೆ ಸೇರಿದವು. ಅವುಗಳ ಲೆಕ್ಕ ಅಲ್ಲೇ ಚುಕ್ತವಾಗಲಿ. ಕಪ್‌ನ ಹಳದಿ ಕಾರ್ಡು ಲೀಗ್‌ನ ಬಾಗಿಲು ತಟ್ಟುವುದು ಬೇಡ.