ಕೋಳಿಯಂಕಕ್ಕೆ ಪರವಾನಿಗೆ ಉಂಟೆ?

ಹಳಗನ್ನಡದಲ್ಲಿ ‘ಅಂಕ’ವೆಂದರೆ ಇಬ್ಬರು ವೀರರ ಕಾಳಗ, ಹಾಗೆ ಕಾದುವವನು ಅಂಕಕಾರ. ಆ ವೀರರ ಕಾಲ ಸಂದುಹೋಯಿತು. ಶಬ್ದ ಮಾತ್ರ ನಮ್ಮ ತುಳುನಾಡಿನಲ್ಲಿ, ಹುಂಜದ ಕಾಲಿಗೆ ಕಟ್ಟಿದ ಬಾಳಿನೊಡನೆ ಉಳಿದುಕೊಂಡಿತು. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯಲ್ಲಿ ನೇಮ, ಜಾತ್ರೆಗಳ ನಂಟಿನಿಂದ ಬೆಳೆದುಬಂದ ಕೋಳಿಯಂಕಕ್ಕೆ ತನ್ನದೇ ಒಂದು ಶಾಸ್ತ್ರವೂ ಉಂಟು. ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಜಯವೆಂದು ಹೇಳುವ ಕುಕ್ಕುಟ ಪಂಚಾಂಗವೇ ಅದು.

ಪರವಾನಿಗೆ ಪಡೆದು ನಡೆಸಿದರೆ ತಪ್ಪೇನೆಂದು ಕೇಳುವವರಿದ್ದಾರೆ. ಆದರೆ ಅಂತಹ ಪರವಾನಿಗೆಯನ್ನು ಕೊಡುವ ಅಧಿಕಾರ ಯಾವ ಠಾಣೆಗೂ ಇಲ್ಲ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿಯನ್ನು ರಾಜ್ಯದ 1959ರ ಕಾಯಿದೆ ನಿಷೇಧಿಸಿತು. ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದೂ, ಅದಕ್ಕೆ ಸ್ಥಳ ಕೊಡುವುದೂ ಕೇಂದ್ರದ 1960ರ ಕಾಯಿದೆಯಂತೆ ಅಪರಾಧ. ಪಣ ಕಟ್ಟಿದರೆ 1963ರ ಪೊಲೀಸ್ ಕಾಯಿದೆಯೂ ಜೊತೆಗೂಡುತ್ತದೆ. ಹೀಗೆ ಮೂರು ಬಾಗಿಲುಗಳೂ ಮುಚ್ಚಿವೆ. ಆದರೂ 1960ರ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಇಟ್ಟ ದಂಡ 10ರಿಂದ 50 ರೂಪಾಯಿ ಮಾತ್ರ. ಪಣದ ಹಣದೆದುರು ಅದು ಯಾವ ಲೆಕ್ಕಕ್ಕೆ?

ಕಂಬಳದ ದಾರಿ ಬೇರೆಯಾಯಿತು. 2014ರಲ್ಲಿ ಜಲ್ಲಿಕಟ್ಟಿನ ವಿಷಯದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿ, 2016ರಲ್ಲಿ ಹೈಕೋರ್ಟಿನ ತಡೆ ಬಂದಿತು. ಜನ ಬೀದಿಗಿಳಿದು ಕೇಳಿದರು. 2017ರಲ್ಲಿ ರಾಜ್ಯವು ಕಾಯಿದೆಯನ್ನು ತಿದ್ದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ತಿದ್ದುಪಡಿಯಲ್ಲಿ ಕಂಬಳದ ಹೆಸರಿದೆ, ಎತ್ತಿನ ಓಟದ ಹೆಸರಿದೆ, ಕೋಳಿಯಂಕದ ಹೆಸರಿಲ್ಲ. ಕೋಣ ಓಡಿ ದಣಿದು ಕೊಟ್ಟಿಗೆಗೆ ಮರಳುತ್ತದೆ. ಬಾಳು ಕಟ್ಟಿಸಿಕೊಂಡ ಹುಂಜಕ್ಕೆ ಮರಳುವ ಭರವಸೆಯಿಲ್ಲ. ಓಟಕ್ಕೂ ಕಾದಾಟಕ್ಕೂ ಇರುವ ಅಂತರ ಇದು.

ಈ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪವೇ ತಾಯಿಮಗನನ್ನು ಜನ್ಮಜನ್ಮಾಂತರಕ್ಕೆ ಅಟ್ಟುತ್ತದೆ, ಕೊನೆಗೆ ಅವರೇ ಕೋಳಿಗಳಾಗಿ ಹುಟ್ಟಿ, ಊರು ಕಾಯುವ ತಳವಾರ ಚಂಡಕರ್ಮನ ವಶಕ್ಕೆ ಬರುತ್ತಾರೆ. ಬಸದಿಗಳ ಊರಾದ ಮೂಡುಬಿದಿರೆಗೆ ಈ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಸಂಪ್ರದಾಯ ಉಳಿಯಬೇಕೆನ್ನುವವರು ಠಾಣೆಯ ಬಾಗಿಲಲ್ಲಿ ಪರವಾನಿಗೆ ಬೇಡುವುದು ವ್ಯರ್ಥ. ಕಂಬಳದವರಂತೆ ಶಾಸನಸಭೆಯ ಮುಂದೆ ನಿಂತು ಕೇಳಲಿ. ಅದಕ್ಕೂ ಮೊದಲು, ಬಾಳನ್ನೂ ಪಣವನ್ನೂ ತೆಗೆದಿಟ್ಟ ಮೇಲೆ ಕೋಳಿಯಂಕದಲ್ಲಿ ಉಳಿಯುವುದೇನೆಂದು ತಮ್ಮತಮ್ಮಲ್ಲೇ ವಿಚಾರಿಸಿಕೊಳ್ಳಲಿ.