ಕತ್ತಿಗೆ ಮುನ್ನ: ಹಲಾಲ್ ವಧೆಯಲ್ಲಿ ದನವನ್ನು ಹಿಡಿದಿಡುವ ವಿಧಾನಗಳ ಚರಿತ್ರೆ

ಹಲಾಲ್ ಪದ್ಧತಿಯ ವಧೆಯಲ್ಲಿ ದನಗಳು ಪಡುವ ಸಂಕಟವನ್ನು ಕುರಿತ ವಾದವಿವಾದಗಳು ಬಹುಮಟ್ಟಿಗೆ ಕತ್ತಿಯ ಸುತ್ತಲೇ ನಡೆದಿವೆ. ಆದರೆ ಕತ್ತಿ ಕುತ್ತಿಗೆಗೆ ತಾಗುವ ಮೊದಲಿನ ಕೆಲವು ನಿಮಿಷಗಳಲ್ಲಿ, ಅಂದರೆ ನೂರಾರು ಕಿಲೋ ತೂಕದ ಪ್ರಾಣಿಯೊಂದನ್ನು ಅಲುಗದಂತೆ ಹಿಡಿದಿಡುವ ಹೊತ್ತಿನಲ್ಲಿ, ಅದು ಪಡುವ ಭೀತಿ ಕತ್ತಿಯ ನೋವಿಗಿಂತ ಕಡಿಮೆಯದಲ್ಲ. ಈ ಹಿಡಿತಕ್ಕೆ ತನ್ನದೇ ಆದ ಚರಿತ್ರೆಯಿದೆ. ಅದರ ಅತ್ಯಂತ ದುಃಖಕರವಾದ ಅಧ್ಯಾಯ ಇಂಡೊನೇಷ್ಯಾ ಮತ್ತು ಆಸ್ಟ್ರೇಲಿಯಾಗಳ ನಡುವಿನ ಜೀವಂತ ದನಗಳ ವ್ಯಾಪಾರದಲ್ಲಿ ಬರೆಯಲ್ಪಟ್ಟಿತು.

ಇಸ್ಲಾಮಿನ ಧರ್ಮಶಾಸ್ತ್ರವು ಈ ವಿಷಯದಲ್ಲಿ ಮೌನವಾಗಿಲ್ಲ. ವಧೆಯ ಹೊತ್ತಿನಲ್ಲಿ ದೇವರ ಹೆಸರನ್ನು ಉಚ್ಚರಿಸಿ, ಶ್ವಾಸನಾಳ, ಅನ್ನನಾಳ ಮತ್ತು ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳಗಳನ್ನು ಹರಿತವಾದ ಕತ್ತಿಯಿಂದ ತ್ವರಿತವಾಗಿ ಕೊಯ್ಯುವ ಕ್ರಮಕ್ಕೆ ಜಬೀಹಾ ಎನ್ನುತ್ತಾರೆ. ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿ ಶದ್ದಾದ್ ಇಬ್ನ್ ಔಸ್ ಅವರ ಮೂಲಕ ಬಂದಿರುವ ಪ್ರವಾದಿ ವಚನದ ತಾತ್ಪರ್ಯವು, ಕೊಲ್ಲುವಾಗಲೂ ಒಳ್ಳೆಯ ರೀತಿಯಲ್ಲಿ ಕೊಲ್ಲಬೇಕು, ಅಲಗನ್ನು ಮೊದಲೇ ಮಸೆದಿಟ್ಟುಕೊಳ್ಳಬೇಕು, ಪ್ರಾಣಿಗೆ ನೆಮ್ಮದಿ ದೊರಕಿಸಬೇಕು ಎಂಬುದಾಗಿದೆ. ಪ್ರಾಣಿಯ ಕಣ್ಣೆದುರು ಕತ್ತಿ ಮಸೆಯುವುದನ್ನೂ ಒಂದರ ಎದುರು ಇನ್ನೊಂದನ್ನು ಕೊಯ್ಯುವುದನ್ನೂ ಶಾಸ್ತ್ರಜ್ಞರು ತಪ್ಪೆಂದು ಎಣಿಸಿದರು. ಪ್ರಾಣಿಯನ್ನು ಮೆಲ್ಲಗೆ ಎಡಮಗ್ಗುಲಿಗೆ ಮಲಗಿಸುವುದು ಉತ್ತಮವೆಂದೂ ಹೇಳಿದರು. ಕುರಿ ಮೇಕೆಗಳ ವಿಷಯದಲ್ಲಿ ಇದು ಒಬ್ಬನೇ ಮನುಷ್ಯ ಮೊಣಕಾಲೂರಿ ಮಾಡಬಹುದಾದ ಕೆಲಸ. ಬೆಳೆದ ಹೋರಿಯ ವಿಷಯದಲ್ಲಿ ಮೆಲ್ಲಗೆ ಎಂಬ ಮಾತನ್ನು ಪಾಲಿಸುವುದು ಬಹಳ ಕಷ್ಟ, ಮತ್ತು ಮುಂದಿನ ಎಲ್ಲ ತೊಡಕುಗಳೂ ಹುಟ್ಟಿದ್ದು ಈ ಕಷ್ಟದಿಂದಲೇ.

ಜಾವಾ, ಮದುರಾ, ಬಾಲಿ ದ್ವೀಪಗಳ ರೈತರು ಸಾಕುತ್ತಿದ್ದ ದನಗಳು ಮನುಷ್ಯರ ಕೈಯಲ್ಲೇ ಬೆಳೆದವು. ಮೂಗುದಾರ ಹಿಡಿದು ನಡೆಸಿದರೆ ಒಬ್ಬ ಹುಡುಗನ ಹಿಂದೆಯೂ ಬರುವ ಆ ದನಗಳನ್ನು ಕಸಾಯಿಖಾನೆಗೆ ಒಂದೊಂದಾಗಿ ಕರೆತಂದು, ಕಾಲಿಗೆ ಹಗ್ಗ ಹಾಕಿ ನೆಲಕ್ಕೆ ಕೆಡವಿ ಕೊಯ್ಯುವುದು ಅಲ್ಲಿನ ರೂಢಿಯಾಗಿತ್ತು. ಲಾಳ ಕಟ್ಟುವವರು ಎತ್ತನ್ನು ಹಗ್ಗದಿಂದ ಕೆಡವುವುದನ್ನು ಕಂಡಿರುವ ಕನ್ನಡಿಗರಿಗೆ ಈ ಕೈಚಳಕದ ಪರಿಚಯವಿರುತ್ತದೆ: ಹಗ್ಗ ಬಿಗಿಯುವ ಜಾಗ ಸರಿಯಾಗಿದ್ದು, ದನಕ್ಕೆ ಮನುಷ್ಯನ ಸ್ಪರ್ಶ ಹೊಸದಲ್ಲದಿದ್ದರೆ, ಅದು ಮಂಡಿಯೂರಿ ಮೆಲ್ಲಗೆ ಒರಗುತ್ತದೆ. ಈ ಪದ್ಧತಿಯಲ್ಲಿ ಸಂಕಟವೇ ಇರಲಿಲ್ಲವೆಂದು ಹೇಳಲಾಗದು. ಆದರೆ ಅದರ ಮಿತಿಯನ್ನು ದನದ ಪಳಗುವಿಕೆಯೂ ಕೆಡವುವವನ ಅನುಭವವೂ ಕಾಯುತ್ತಿದ್ದವು.

1990ರ ದಶಕದಲ್ಲಿ ಈ ವ್ಯವಸ್ಥೆಯೊಳಕ್ಕೆ ಬೇರೆಯೇ ಬಗೆಯ ದನ ಬಂದಿತು. ಉತ್ತರ ಆಸ್ಟ್ರೇಲಿಯಾದ ವಿಶಾಲ ಹುಲ್ಲುಗಾವಲುಗಳಲ್ಲಿ ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಮನುಷ್ಯರನ್ನು ಕಾಣುತ್ತ ಬೆಳೆದ ಬ್ರಾಹ್ಮನ್ ಮಿಶ್ರತಳಿಯ ಹೋರಿಗಳು ಹಡಗಿನಲ್ಲಿ ಇಂಡೊನೇಷ್ಯಾಕ್ಕೆ ಹೋಗಿ, ಅಲ್ಲಿ ಕೆಲವು ತಿಂಗಳು ಮೇಯಿಸಲ್ಪಟ್ಟು, ಬಳಿಕ ಕಸಾಯಿಖಾನೆಗಳನ್ನು ಸೇರತೊಡಗಿದವು. ಬ್ರಾಹ್ಮನ್ ತಳಿಯನ್ನು ಅಮೆರಿಕದಲ್ಲಿ ರೂಪಿಸಿದ್ದು ಭಾರತದಿಂದ ಹೋದ ಗೀರ್, ಕಾಂಕ್ರೇಜ್, ಒಂಗೋಲ್ ದನಗಳ ಜೊತೆಗೆ ನಮ್ಮ ಬೆಳಗಾವಿ ವಿಜಯಪುರ ಸೀಮೆಯ ಕೃಷ್ಣಾ ಕಣಿವೆ ತಳಿಯ ರಕ್ತವನ್ನೂ ಬೆರೆಸಿ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. 1933ರಲ್ಲಿ ಅಮೆರಿಕದಿಂದ ಕ್ವೀನ್ಸ್‌ಲೆಂಡಿಗೆ ಬಂದ ಈ ದನಗಳು ಉಣ್ಣಿಯನ್ನೂ ಬಿಸಿಲನ್ನೂ ತಾಳಿಕೊಂಡು ಉತ್ತರ ಆಸ್ಟ್ರೇಲಿಯಾವನ್ನೇ ಆವರಿಸಿದವು. ಹಗ್ಗವನ್ನೂ ಮೂಗುದಾರವನ್ನೂ ಎಂದೂ ಕಾಣದ, ಸ್ವಭಾವತಃ ಬೇಗ ಬೆದರುವ ಇಂಥ ಹೋರಿಯನ್ನು ಹಳೆಯ ರೀತಿಯಲ್ಲಿ ಹಗ್ಗ ಹಾಕಿ ಕೆಡವಲು ಹೋದರೆ, ದನಕ್ಕೂ ಕೆಲಸಗಾರನಿಗೂ ಅಪಾಯ ತಪ್ಪಿದ್ದಲ್ಲ.

ಈ ಅಪಾಯಕ್ಕೆ ಪರಿಹಾರವೆಂದು ಆಸ್ಟ್ರೇಲಿಯಾದ ಮಾಂಸೋದ್ಯಮವು 2000ದ ಆಸುಪಾಸಿನಲ್ಲಿ ಮಾರ್ಕ್ 1 ಎಂಬ ಪೆಟ್ಟಿಗೆಯನ್ನು ಇಂಡೊನೇಷ್ಯಾದ ಕಸಾಯಿಖಾನೆಗಳಿಗೆ ಹಂಚತೊಡಗಿತು. ದನವು ಒಳಹೊಕ್ಕ ಮೇಲೆ ಅದರ ಕಾಲುಗಳಿಗೆ ಹಗ್ಗ ಸಿಕ್ಕಿಸಿ, ಪಕ್ಕದ ಬಾಗಿಲನ್ನು ತೆರೆದು ಹಗ್ಗವನ್ನು ಎಳೆದರೆ ಅದು ಮುಗ್ಗರಿಸಿ ಹೊರಗಿನ ಇಳಿಜಾರಾದ ಕಾಂಕ್ರೀಟ್ ಜಗಲಿಯ ಮೇಲೆ ಮಗ್ಗುಲಾಗಿ ಬೀಳುವಂತೆ ಆ ಪೆಟ್ಟಿಗೆಯ ರಚನೆಯಿತ್ತು. ಕೆಲಸಗಾರರಿಗೆ ಅದರಿಂದ ಅಪಾಯ ತಗ್ಗಿತು. ದನದ ಪಾಲಿಗಾದರೋ ಅದು ಒದ್ದೆ ಕಾಂಕ್ರೀಟಿನ ಮೇಲೆ ಜಾರಿ ಬೀಳುವುದು, ಏಳಲು ಹೆಣಗುವುದು, ಹಿಡಿತವಿಲ್ಲದ ತಲೆಯನ್ನು ಮತ್ತೆ ಮತ್ತೆ ಕಲ್ಲಿಗೆ ಅಪ್ಪಳಿಸಿಕೊಳ್ಳುವುದು ಎಂದಾಯಿತು. ಕಾಲಡಿ ಜಾರುವುದು ದನಕ್ಕೆ ಅತ್ಯಂತ ಭೀತಿಯ ಅನುಭವವೆಂಬುದನ್ನು ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅದಕ್ಕೂ ಮೊದಲೇ ತಮ್ಮ ಬರಹಗಳಲ್ಲಿ ಒತ್ತಿ ಹೇಳಿದ್ದರು.

ಈ ಪೆಟ್ಟಿಗೆಯನ್ನು ಅರಿಯದೆ ಮಾಡಿದ ತಪ್ಪೆಂದು ಕ್ಷಮಿಸಲು ಚರಿತ್ರೆ ಅವಕಾಶ ಕೊಡುವುದಿಲ್ಲ. ದನವನ್ನು ಬೀಳಿಸಿ ಕೊಯ್ಯುವ ಯಂತ್ರಗಳ ಪರೀಕ್ಷೆ ಬ್ರಿಟನ್ನಿನಲ್ಲಿ ಆಗಲೇ ಮುಗಿದುಹೋಗಿತ್ತು. 1927ರಲ್ಲಿ ಯೆಹೂದ್ಯರ ವಧಾಕ್ರಮಕ್ಕೆಂದು ರೂಪುಗೊಂಡ ವೈನ್‌ಬರ್ಗ್ ಪೆಟ್ಟಿಗೆಯು ದನವನ್ನು ಒಳಗೆ ಬಿಗಿದು, ತಿರುಗಿ, ಅಂಗಾತ ಮಾಡುತ್ತಿತ್ತು. ಹಗ್ಗ ಹಾಕಿ ಕೆಡವುವುದಕ್ಕಿಂತ ಅದು ಲೇಸೆಂದು ಆ ಕಾಲದವರು ಪ್ರಾಮಾಣಿಕವಾಗಿಯೇ ನಂಬಿದ್ದರು. ದನಗಳ ಪ್ರಜ್ಞೆ ತಪ್ಪಿಸಿಯೇ ಕೊಯ್ಯಬೇಕೆಂದು ವಿಧಿಸಿದ 1933ರ ಬ್ರಿಟಿಷ್ ಕಾನೂನು ಯೆಹೂದ್ಯರಿಗೂ ಮುಸ್ಲಿಮರಿಗೂ ವಿನಾಯಿತಿ ನೀಡಿದ್ದರಿಂದ ಈ ಪೆಟ್ಟಿಗೆ ದಶಕಗಳ ಕಾಲ ಉಳಿಯಿತು. ಇತ್ತ ಅಮೆರಿಕದಲ್ಲಿ, ಪ್ರಜ್ಞೆಯಿರುವ ದನವನ್ನು ಹಿಂಗಾಲಿಗೆ ಸರಪಳಿ ಬಿಗಿದು ಮೇಲಕ್ಕೆತ್ತಿ ನೇತುಹಾಕುವ ಘೋರ ಪದ್ಧತಿಗೆ ಬದಲಾಗಿ, ಫಿಲಡೆಲ್ಫಿಯಾದ ಕಂಪನಿಯೊಂದು 1963ರಲ್ಲಿ ದನವನ್ನು ನಿಂತಂತೆಯೇ ಹಿಡಿಯುವ ಪೆಟ್ಟಿಗೆಯನ್ನು ರೂಪಿಸಿತು. ಅಮೆರಿಕದ ಪ್ರಾಣಿದಯಾ ಸಂಘವು ಮರುವರ್ಷ ಅದರ ಹಕ್ಕನ್ನು ಕೊಂಡುಕೊಂಡಿತು. ಎದೆಯ ಕೆಳಗೆ ಆಧಾರ, ಹಿಂದಿನಿಂದ ಮೃದುವಾಗಿ ತಳ್ಳುವ ಬಾಗಿಲು, ಗದ್ದವನ್ನು ಮೇಲೆತ್ತುವ ಹಿಡಿ, ಇಷ್ಟರಿಂದ ದನವು ನಾಲ್ಕು ಕಾಲ ಮೇಲೆ ನಿಂತೇ ಇರುತ್ತಿತ್ತು.

ಈ ಎರಡು ವಿಧಾನಗಳನ್ನು ಹೋಲಿಸಿದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಭಯ ಮತ್ತು ನೋವಿನ ಹೊತ್ತಿನಲ್ಲಿ ಮೂತ್ರಪಿಂಡದ ಮೇಲಣ ಗ್ರಂಥಿಗಳಿಂದ ರಕ್ತಕ್ಕೆ ಸೇರುವ ಕಾರ್ಟಿಸಾಲ್ ಎಂಬ ರಸವನ್ನು ಅಳೆದು ಪ್ರಾಣಿಯ ಒತ್ತಡವನ್ನು ತಕ್ಕಮಟ್ಟಿಗೆ ತಿಳಿಯಬಹುದು. ಸರಾಸರಿ 103 ಸೆಕೆಂಡು ಅಂಗಾತವಾಗಿದ್ದ ದನಗಳಲ್ಲಿ ಆ ರಸದ ಪ್ರಮಾಣವು ನಿಂತೇ ಕೊಯ್ಯಲ್ಪಟ್ಟ ದನಗಳಿಗಿಂತ ಬಹಳ ಹೆಚ್ಚಿತ್ತು, ಅವುಗಳ ಅರಚಾಟವೂ ಹೆಚ್ಚಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟನ್ ತಿರುಗುವ ಪೆಟ್ಟಿಗೆಯನ್ನು ಕೈಬಿಟ್ಟು, ದನವನ್ನು ನಿಂತಂತೆಯೇ ಹಿಡಿಯಬೇಕೆಂದು ವಿಧಿಸಿತು. ಅದೇ ದಶಕ ಮುಗಿಯುವ ಹೊತ್ತಿಗೆ ದನವನ್ನು ಬೀಳಿಸುವ ಹೊಸ ಪೆಟ್ಟಿಗೆಯನ್ನು ಬಡ ದೇಶವೊಂದರ ಕಸಾಯಿಖಾನೆಗಳಿಗೆ ಕಳುಹಿಸಿದವರಿಗೆ ಈ ಅರಿವು ಎಟುಕದೆ ಇದ್ದುದೇನಲ್ಲ.

ಹಿಡಿತವನ್ನು ಸರಿಪಡಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಯೇ ಎಂಬ ಪ್ರಶ್ನೆಯೂ ಉಳಿಯುತ್ತದೆ. ಕುರಿಯ ಕುತ್ತಿಗೆಯ ನಾಳಗಳನ್ನು ಕೊಯ್ದರೆ ಮಿದುಳಿಗೆ ರಕ್ತ ಬೇಗನೆ ನಿಂತುಹೋಗುತ್ತದೆ. ದನದಲ್ಲಾದರೋ ಬೆನ್ನುಮೂಳೆಯ ಒಳಗಿಂದ ಸಾಗುವ ಅಪಧಮನಿಗಳು ಕತ್ತಿಗೆ ಸಿಕ್ಕದೆ ಮಿದುಳಿಗೆ ರಕ್ತವನ್ನು ಒಯ್ಯುತ್ತಲೇ ಇರುತ್ತವೆ. ಕೆಲವೊಮ್ಮೆ ಕೊಯ್ದ ನಾಳದ ತುದಿಯೇ ಊದಿ ಮುಚ್ಚಿಕೊಂಡು ರಕ್ತಸ್ರಾವ ನಿಧಾನವಾಗುತ್ತದೆ. ಪ್ರಜ್ಞೆ ತಪ್ಪಿಸದೆ ಹಲಾಲ್ ಕ್ರಮದಲ್ಲಿ ಕೊಯ್ದ 174 ದನಗಳನ್ನು ಗಮನಿಸಿ ನೆವಿಲ್ ಗ್ರೆಗರಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದನಗಳು ಕುಸಿದು ಬೀಳಲು ಸರಾಸರಿ 20 ಸೆಕೆಂಡು ಹಿಡಿಯಿತು, ನೂರಕ್ಕೆ 8ರಷ್ಟು ದನಗಳಿಗೆ 60 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಬೇಕಾಯಿತು. ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದ ಕ್ರೇಗ್ ಜಾನ್ಸನ್ ಮತ್ತವರ ತಂಡವು 2009ರಲ್ಲಿ, ಹಗುರವಾದ ಅರಿವಳಿಕೆಯಲ್ಲಿದ್ದ ಕರುಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ, ಕುತ್ತಿಗೆಯ ಕೊಯ್ತ ನೋವಿನ ಪ್ರತಿಕ್ರಿಯೆಯನ್ನೇ ಎಬ್ಬಿಸುತ್ತದೆಂದು ತೋರಿಸಿತು. ಇದಕ್ಕೆ ಎದುರಾಗಿ 1978ರ ಜರ್ಮನಿಯ ಹಾನೋವರ್ ಅಧ್ಯಯನವನ್ನು ಅನೇಕರು ಮುಂದಿಡುತ್ತಾರೆ. ಸರಿಯಾಗಿ ಕೊಯ್ದರೆ ನೋವಿನ ಗುರುತು ಕಾಣದೆಂಬುದು ಅದರ ನಿರ್ಣಯವಾಗಿದ್ದರೂ, ಹೋಲಿಕೆಗೆ ಬಳಸಿದ ಪ್ರಜ್ಞೆ ತಪ್ಪಿಸುವ ಉಪಕರಣವೇ ಸಂದೇಹಾಸ್ಪದವೆಂದು ಅದನ್ನು ನಡೆಸಿದವರೇ ಎಚ್ಚರಿಸಿದ್ದರು. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ದನದ ಮಟ್ಟಿಗೆ ಪ್ರಜ್ಞೆ ತಪ್ಪಿಸಿ ಕೊಯ್ಯುವುದೇ ಮೇಲೆಂದು ಒಪ್ಪಬೇಕಾಗುತ್ತದೆ.

ಧರ್ಮ ಇದಕ್ಕೆ ಅಡ್ಡಿಯಾಗಿತ್ತೆಂಬ ಸಾಮಾನ್ಯ ತಿಳಿವಳಿಕೆಯನ್ನು ಇಂಡೊನೇಷ್ಯಾದ ದಾಖಲೆ ಸುಳ್ಳಾಗಿಸುತ್ತದೆ. ಕೊಯ್ಯುವ ಕ್ಷಣದಲ್ಲಿ ಪ್ರಾಣಿ ಜೀವಂತವಾಗಿರಬೇಕೆಂಬುದು ಹಲಾಲ್‌ನ ನಿಯಮ. ಆದ್ದರಿಂದ ಪ್ರಜ್ಞೆ ತಪ್ಪಿಸುವ ಹೊಡೆತವೇ ಸಾವನ್ನು ತರಬಾರದು, ಕೊಯ್ಯದೆ ಬಿಟ್ಟರೆ ಪ್ರಾಣಿ ಚೇತರಿಸಿಕೊಳ್ಳುವಂತಿರಬೇಕು. ಈ ಷರತ್ತಿನ ಮೇಲೆ ಪ್ರಜ್ಞೆ ತಪ್ಪಿಸುವುದನ್ನು ಇಂಡೊನೇಷ್ಯಾದ ಉಲೇಮಾ ಮಂಡಳಿ 1976ರಷ್ಟು ಹಿಂದೆಯೇ ಒಪ್ಪಿತ್ತು, 2009ರ ಫತ್ವಾದಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನ ವೋಕಿಂಗ್ ನಗರದ ಶಾಹಜಹಾನ್ ಮಸೀದಿಯ ಇಮಾಮರಾಗಿದ್ದ ಬಶೀರ್ ಅಹ್ಮದ್ ಮಸ್ರಿ 1980ರ ದಶಕದ ತಮ್ಮ ಪುಸ್ತಕಗಳಲ್ಲಿ ಕುರ್‌ಆನ್ ಮತ್ತು ಹದೀಸುಗಳ ಆಧಾರದಿಂದಲೇ ಈ ಪಕ್ಷವನ್ನು ವಾದಿಸಿದರು. ನ್ಯೂಜಿಲೆಂಡ್ ತಲೆಗೆ ಮಾತ್ರ ವಿದ್ಯುತ್ ಹಾಯಿಸಿ, ಹೃದಯ ನಿಲ್ಲದಂತೆ ನೋಡಿಕೊಂಡು ಕೊಯ್ಯುವ ಕ್ರಮವನ್ನು ರೂಢಿಸಿಕೊಂಡು, ಅಂಥ ಮಾಂಸವನ್ನೇ ಮುಸ್ಲಿಮ್ ದೇಶಗಳಿಗೆ ದಶಕಗಳಿಂದ ಮಾರುತ್ತಿದೆ. ಜಕಾರ್ತಾದ ಕಸಾಯಿಖಾನೆಯಲ್ಲಿ ಇಲ್ಲದೆ ಹೋದದ್ದು ಫತ್ವಾ ಅಲ್ಲ. ಅಲ್ಲಿ ಉಪಕರಣ, ತರಬೇತಿ ಮತ್ತು ಕೇಳುವವರು ಇರಲಿಲ್ಲ.

2011ರ ಮೇ 30ರಂದು ಆಸ್ಟ್ರೇಲಿಯಾದ ಸರಕಾರಿ ದೂರದರ್ಶನವು ಅನಿಮಲ್ಸ್ ಆಸ್ಟ್ರೇಲಿಯಾ ಸಂಸ್ಥೆಯ ಲಿನ್ ವೈಟ್ ಇಂಡೊನೇಷ್ಯಾದಲ್ಲಿ ಚಿತ್ರಿಸಿದ ದೃಶ್ಯಗಳನ್ನು ಪ್ರಸಾರ ಮಾಡಿತು. ಮಾರ್ಕ್ 1 ಪೆಟ್ಟಿಗೆಯ ಜಗಲಿಯ ಮೇಲೆ ಒದ್ದಾಡುವ ದನಗಳು, ಬಾಲ ಮುರಿಯುವುದು, ಮೊಂಡು ಕತ್ತಿಯಿಂದ ಮತ್ತೆ ಮತ್ತೆ ಕೊಯ್ಯುವುದು, ಒಂದರ ಸಾವನ್ನು ನೋಡುತ್ತ ನಡುಗುವ ಇನ್ನೊಂದು, ಹೀಗೆ ಹದೀಸು ಬೇಡವೆಂದುದೆಲ್ಲವೂ ಅಲ್ಲಿತ್ತು. ಜನರ ಆಕ್ರೋಶಕ್ಕೆ ಮಣಿದ ಸರಕಾರ ಜೂನ್ ಮೊದಲ ವಾರದಲ್ಲಿ ಇಂಡೊನೇಷ್ಯಾಕ್ಕೆ ದನ ಸಾಗಿಸುವುದನ್ನೇ ನಿಲ್ಲಿಸಿ, ಜುಲೈ 6ರಂದು ಹೊಸ ಷರತ್ತುಗಳೊಂದಿಗೆ ಅನುಮತಿ ಕೊಟ್ಟಿತು. ಹಡಗು ಹತ್ತಿದ ಪ್ರತಿಯೊಂದು ದನವನ್ನೂ ವಧೆಯವರೆಗೆ ಗುರುತಿಸಿ, ಒಪ್ಪಿಗೆ ಪಡೆದ ಕಸಾಯಿಖಾನೆಯಲ್ಲೇ ಕೊಯ್ಯಿಸುವ ಹೊಣೆ ರಫ್ತುದಾರನ ಮೇಲೆ ಬಿತ್ತು. ಮಾರ್ಕ್ 1 ಪೆಟ್ಟಿಗೆಗೆ ತಡೆ ಬಂದಿತು. ಪ್ರಜ್ಞೆ ತಪ್ಪಿಸುವುದು ಕಡ್ಡಾಯವಾಗದಿದ್ದರೂ ತಲೆಬುರುಡೆಯನ್ನು ಭೇದಿಸದೆ ಹೊಡೆಯುವ ಪಿಸ್ತೂಲಿನಂಥ ಸಾಧನ ಅಲ್ಲಿನ ಅನೇಕ ಕಸಾಯಿಖಾನೆಗಳಿಗೆ ಬಂದಿತು. ಸಾರಾಸಗಟಾದ ಆ ನಿಷೇಧ ನ್ಯಾಯಬದ್ಧವಾಗಿರಲಿಲ್ಲವೆಂದು ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2020ರ ಜೂನ್‌ನಲ್ಲಿ ತೀರ್ಪಿತ್ತು ಪಶುಪಾಲಕರ ಪರ ನಿಂತಿತು.

ಈ ಸುಧಾರಣೆ ಆಸ್ಟ್ರೇಲಿಯಾದಿಂದ ಬಂದ ದನಕ್ಕೆ ಮಾತ್ರ ಅನ್ವಯಿಸುತ್ತದೆ. ಜಾವಾದ ರೈತನ ಕೊಟ್ಟಿಗೆಯಿಂದ ಹೊರಟ ದನವನ್ನು ಕಾಯಬೇಕಾದುದು ಇಂಡೊನೇಷ್ಯಾದ 2009ರ ಪಶುಸಂಗೋಪನೆಯ ಕಾನೂನು. ಪ್ರಾಣಿಯ ಕ್ಷೇಮವನ್ನು ಅದು ಹೆಸರಿಸಿ ಹೇಳಿದೆ. ಅದನ್ನು ಸಣ್ಣ ಊರಿನ ಕಸಾಯಿಖಾನೆಯ ಒದ್ದೆ ನೆಲದವರೆಗೆ ತಲುಪಿಸುವ ಕೆಲಸ ಇನ್ನೂ ಪೂರ್ತಿಯಾಗಿಲ್ಲ.