ವಕೀಲರು ಗುಮಾಸ್ತರಾದಾಗ

ಜಗಳ ಬಿಡಿಸಲು ಹೊರಟವರು ಮೊದಲು ಕೇಳುವುದನ್ನೂ ಕೇಳಿದ್ದನ್ನು ಬರೆದುಕೊಳ್ಳುವುದನ್ನೂ ಕಲಿಯಬೇಕು. ಸಂಘರ್ಷ ಪರಿಹಾರದ ವಿದ್ಯಾರ್ಥಿಗೆ ಈ ಪಾಠ 1917ರ ಚಂಪಾರಣ್‌ನಲ್ಲಿ ಸಿಗುತ್ತದೆ.

ಬಿಹಾರದ ಆ ಜಿಲ್ಲೆಯ ಗೇಣಿದಾರರು ಪ್ರತಿ 20 ಕಟ್ಠಾ ಜಮೀನಿನ 3 ಕಟ್ಠಾದಲ್ಲಿ ಪ್ಲಾಂಟರುಗಳಿಗಾಗಿ ನೀಲಿ ಬೆಳೆಯಲೇಬೇಕಿತ್ತು. ಇದೇ ತೀನ್‌ಕಠಿಯಾ ಪದ್ಧತಿ. ಅಲ್ಲಿಗೆ ಹೋದ ಗಾಂಧೀಜಿ, ರಾಜೇಂದ್ರ ಪ್ರಸಾದ್, ಬ್ರಜಕಿಶೋರ್ ಪ್ರಸಾದ್ ಅವರಂಥ ವಕೀಲರನ್ನು ಗುಮಾಸ್ತೆ ಕೆಲಸಕ್ಕೆ ಕೂರಿಸಿದರು. ಸಾವಿರಾರು ರೈತರ ಹೇಳಿಕೆಗಳು ದಾಖಲಾದವು. ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಳ್ಳುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಪಾಟೀಸವಾಲು ಹಾಕುತ್ತಿದ್ದರು. ಅದರಲ್ಲಿ ನಿಲ್ಲದ ಹೇಳಿಕೆಯನ್ನು ಕೈಬಿಡುತ್ತಿದ್ದರು. ಗುಪ್ತಚರ ಪೊಲೀಸರು ಎದುರಿಗೇ ಕೂತಿರುತ್ತಿದ್ದರು. ಅವರನ್ನು ದೂರವಿಡಲಿಲ್ಲ. ಅವರೆದುರೇ ಮಾತಾಡಿ ರೈತರ ಅಂಜಿಕೆ ಕರಗಿತು, ಉತ್ಪ್ರೇಕ್ಷೆಗೂ ಕಡಿವಾಣ ಬಿತ್ತು. ದೂರಿಗೆ ಗುರಿಯಾದ ಪ್ಲಾಂಟರುಗಳನ್ನೂ ಗಾಂಧೀಜಿ ಕಂಡು, ಅವರ ವಾದ ಕೇಳಿದರು.

ಮುಂದೆ ಫ್ರಾಂಕ್ ಸ್ಲೈ ಅಧ್ಯಕ್ಷತೆಯಲ್ಲಿ ಸರ್ಕಾರಿ ಸಮಿತಿ ರಚನೆಯಾಯಿತು. ಗಾಂಧೀಜಿಯೂ ಅದರ ಸದಸ್ಯರು. 1918ರ ಕಾಯ್ದೆ ತೀನ್‌ಕಠಿಯಾ ಪದ್ಧತಿಯನ್ನು ರದ್ದುಗೊಳಿಸಿತು. ಅಕ್ರಮವಾಗಿ ವಸೂಲಾದ ಹಣದಲ್ಲಿ ರೈತರಿಗೆ ಮರಳಲು ಒಪ್ಪಿಗೆಯಾದದ್ದು ಶೇ. 25 ಮಾತ್ರ. ಅದು ಕಡಿಮೆಯೆಂದು ಅನಿಸಿದವರಿದ್ದರು. ಗಾಂಧೀಜಿಗೆ ಮೊತ್ತಕ್ಕಿಂತ ಪ್ಲಾಂಟರುಗಳ ದರ್ಪ ತಗ್ಗಿದ್ದೇ ಮುಖ್ಯವಾಗಿತ್ತು. ಆ ದರ್ಪವನ್ನು ತಗ್ಗಿಸಿದ್ದರಲ್ಲಿ, ಸವಾಲಿಗೆ ನಿಂತ ಆ ಸಾವಿರಾರು ಹೇಳಿಕೆಗಳ ಪಾಲು ದೊಡ್ಡದು.